ಮುಕ್ಕಾಲು ಗಂಟೆ ತಡವಾದ ಪಂದ್ಯ

ಆ ಭಾನುವಾರ ನೆರೂಳಿನ ಮೈದಾನದಲ್ಲಿ ಗೋಲಿನ ನೆಟ್ ತಾನಾಗಿ ಹರಿದಿರಲಿಲ್ಲ, ಶೇಖರಣ್ಣ. ಬ್ಲೇಡಿನಿಂದ ಕತ್ತರಿಸಿದ್ದು ನಾನು.

ಹನ್ನೆರಡು ವರ್ಷಗಳಾದವು. ನಿಮ್ಮ ಜೊತೆ ಬೇರೆಯವರೂ ಕೇಳಲಿ ಎಂದೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ನಾನು ಆಗ ಮುಂಬಯಿ ಸುತ್ತಿನ ನಮ್ಮ ಕರಾವಳಿಯವರ ಫುಟ್‌ಬಾಲ್ ಟೂರ್ನಮೆಂಟಿನ ಕಾರ್ಯದರ್ಶಿ. ನೆರೂಳ ತಂಡ ಕಟ್ಟಿದವನೂ ನಾನೇ. ನೀವು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ತಂಡದ ಕ್ಯಾಪ್ಟನ್ — ಬಣ್ಣದ ಕಾರ್ಖಾನೆಯ ಪಾಳಿ ಮುಗಿಸಿ ಪ್ರಾಕ್ಟೀಸಿಗೆ ಬರುತ್ತಿದ್ದವರು. ಮೂವತ್ತೇಳು ವರ್ಷ, ನೋಯುವ ಮಂಡಿ. ನಮ್ಮ ನಾಲ್ಕು ತಂಡಗಳ ಗುಂಪಿನಲ್ಲಿ ಮೊದಲ ಎರಡಕ್ಕೆ ಮುಂದಿನ ಸುತ್ತು, ಠಾಣೆ ನಗರದ ಹುಲ್ಲಿನ ಮೈದಾನದಲ್ಲಿ. ಅಲ್ಲಿಯವರೆಗೆ ನಾವೆಲ್ಲ ಆಡಿದ್ದು ಕಲ್ಲು ಮಣ್ಣಿನ ಮೇಲೆ. "ಒಂದು ಸಲ ಹುಲ್ಲಿನ ಮೇಲೆ ಆಡ್ಬೇಕು ಮಾರಾಯ, ಮತ್ತೆ ಬೂಟು ಬಿಚ್ಚಿದ್ರೂ ಬೇಜಾರಿಲ್ಲ" ಎಂದಿದ್ದಿರಿ.

ಕೊನೆಯ ಎರಡು ಲೀಗ್ ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗಬೇಕು — ಈ ನಿಯಮ ಬರೆದವನು ನಾನೇ. ದೊಡ್ಡ ದೇಶಗಳ ಟೂರ್ನಮೆಂಟಿನಲ್ಲೂ ಹೀಗೆಯೇ, ಇನ್ನೊಂದು ಮೈದಾನದ ಫಲಿತಾಂಶ ತಿಳಿದು ಯಾರೂ ಆಟ ತಿರುಚಬಾರದು ಎಂದು ಸಭೆಯಲ್ಲಿ ಎಷ್ಟು ಜಂಬದಿಂದ ವಿವರಿಸಿದ್ದೆ!

ನಮಗೂ ಕಲ್ಯಾಣ ತಂಡಕ್ಕೂ ನಾಲ್ಕು ನಾಲ್ಕು ಅಂಕ, ನಿಮಗೆ ಒಂದು. ಗೆಲುವಿಗೆ ಮೂರು ಅಂಕ, ಡ್ರಾ ಆದರೆ ಒಂದು; ಅಂಕ ಸಮವಾದರೆ ಗೋಲಿನ ಅಂತರ ಲೆಕ್ಕ. ನೀವು ಡೊಂಬಿವಲಿಯಲ್ಲಿ ದಿವಾ ತಂಡವನ್ನು ದೊಡ್ಡ ಅಂತರದಲ್ಲಿ ಸೋಲಿಸಬೇಕು. ಇತ್ತ ನೆರೂಳಿನಲ್ಲಿ ನಮ್ಮ ಮತ್ತು ಕಲ್ಯಾಣದವರ ಪಂದ್ಯದಲ್ಲಿ ಯಾರಾದರೂ ಒಬ್ಬರು ಸೋಲಬೇಕು. ಆಗ ನೀವು ಠಾಣೆಗೆ. ನಮ್ಮ ಪಂದ್ಯ ಡ್ರಾ ಆದರೆ ಮಾತ್ರ ನೀವು ಹೊರಗೆ.

ನೆಟ್ ಹೊಲಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಮ್ಮ ಪಂದ್ಯ ಶುರುವಾಗುವ ಹೊತ್ತಿಗೆ ನೀವು ಎರಡು ಗೋಲು ಹೊಡೆದಾಗಿತ್ತು. ಗೆರೆಯಾಚೆ ಫೋನ್ ಹಿಡಿದು ನಿಂತಿದ್ದೆ. ಮೂರು. ನಾಲ್ಕು. ನಿಜ ಹೇಳುತ್ತೇನೆ — ನನ್ನ ಮೈ ಜುಮ್ಮೆನ್ನುತ್ತಿತ್ತು. ಎರಡು ಮೈದಾನಗಳು ಒಟ್ಟಿಗೆ ಕಾಣುತ್ತಿದ್ದದ್ದು ನನಗೊಬ್ಬನಿಗೇ... ಆ ಖುಷಿಯ ನೆನಪಿಗೆ ಈಗ ನಾಚಿಕೆಯಾಗುತ್ತದೆ.

ಫಲಿತಾಂಶ ಹೇಳಿದ್ದು ನಿಮ್ಮ ಹೆಂಡತಿ ಸುಮತಿ ಅಕ್ಕ. ಡೋಲಿನ ಸದ್ದಿನ ನಡುವೆ ಅವರ ದನಿ: "ಐದು ಆಯ್ತು ರಘು, ಐದು! ಇವರದ್ದೇ ಮೂರು. ಮ್ಯಾಚ್ ಮುಗೀತು. ಇನ್ನು ಅಲ್ಲಿ ಒಬ್ರು ಸೋತ್ರೆ ಸಾಕಲ್ಲ?"

"ಸಾಕು ಅಕ್ಕ," ಎಂದೆ.

ಅಷ್ಟರಲ್ಲಿ ನಮ್ಮಲ್ಲಿ ಅರ್ಧ ಆಟ ಮುಗಿದಿತ್ತು — ಇಬ್ಬರದೂ ಸೊನ್ನೆ. ನಮ್ಮ ಕ್ಯಾಪ್ಟನ್ ದಿನೇಶನನ್ನೂ ಕಲ್ಯಾಣದ ಕ್ಯಾಪ್ಟನ್‌ನನ್ನೂ ನೀರಿನ ಡ್ರಮ್ಮಿನ ಹಿಂದೆ ಕರೆದೆ. "ಡ್ರಾ ಮಾಡಿ. ಇಬ್ಬರೂ ಠಾಣೆಗೆ ಹೋಗ್ತೀರಿ." ಒಬ್ಬರೂ ಬೇಡವೆನ್ನಲಿಲ್ಲ. ಆದರೆ ಹೇಳಿದವನು ನಾನು.

ಆಮೇಲಿನದು ಆಟವಲ್ಲ. ಚೆಂಡು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಹಿಂದಕ್ಕೆ. ಜನ ಶಿಳ್ಳೆ ಹಾಕಿ ಬೈದರು. ಕೊನೆಯ ನಿಮಿಷದಲ್ಲಿ ನಮ್ಮ ಫಾರ್ವರ್ಡ್ ಕಿರಣ — ಅವನಿಗೆ ಯಾರೂ ಹೇಳಿರಲಿಲ್ಲ — ಚೆಂಡು ಕಸಿದು ಒಬ್ಬನೇ ಓಡಿದ. ಇಬ್ಬರನ್ನು ದಾಟಿದ. ಎದುರಿಗೆ ಗೋಲ್ ಕೀಪರ್ ಮಾತ್ರ. ಅವನು ಹೊಡೆದಿದ್ದರೆ ನೀವು ಠಾಣೆಗೆ, ಶೇಖರಣ್ಣ!

"ಕಿರಣ್, ಛೋಡ್, ಮಾರ್‌ನಾ ನಹೀ," ಬಿಡು, ಹೊಡೆಯಬೇಡ ಎಂದು ದಿನೇಶ ಹಿಂದಿಯಲ್ಲಿ ಕೂಗಿದ.

ಕಿರಣ ನಿಂತ. ತಿರುಗಿ ದಿನೇಶನನ್ನಲ್ಲ, ನನ್ನನ್ನು ನೋಡಿದ. ನಾನೂ ಬೇಡವೆಂದು ತಲೆಯಾಡಿಸಿದೆ. ಅವನು ಚೆಂಡನ್ನು ಗೆರೆಯಾಚೆ ಒದ್ದು, ಜರ್ಸಿ ಕಳಚಿ ನಡೆದುಬಿಟ್ಟ. ಮತ್ತೆಂದೂ ನಮ್ಮ ತಂಡಕ್ಕೆ ಆಡಲಿಲ್ಲ.

ಸಂಜೆ ನಿಮ್ಮ ಫೋನ್. "ನೆಟ್ ಹರಿದಿತ್ತಂತಲ್ಲ ರಘು, ಹೌದಾ?"

"ಹೌದು ಅಣ್ಣ."

ಅಷ್ಟೇ — ಎರಡು ಪದ. "ಹಾಗಾದ್ರೆ ಬಿಡು. ನಿನ್ನ ಕೈಲಿ ಎಂತ ಉಂಟು." ಆ ವರ್ಷವೇ ಬೂಟು ಬಿಚ್ಚಿದಿರಿ. ಠಾಣೆಯ ಹುಲ್ಲಿನ ಮೇಲೆ ನಾವು ಮೊದಲ ಪಂದ್ಯದಲ್ಲೇ ಸೋತೆವು. ಅದರಿಂದ ನಿಮಗೇನೂ ಮರಳಿ ಸಿಗಲಿಲ್ಲ.

ಹೋದ ವಾರ ನೀವು ಮತ್ತೆ ಫೋನ್ ಮಾಡಿದಿರಿ. ದನಿಯಲ್ಲಿ ಹಳೆಯ ಹುರುಪು. "ಡೊಂಬಿವಲಿಯಲ್ಲಿ ಹೆಣ್ಮಕ್ಕಳ ಟೂರ್ನಮೆಂಟ್ ಮಾಡ್ತಿದ್ದೇವೆ, ಎಂಟು ಟೀಮು. ಯಾರು ಮುಂದೆ ಹೋಗ್ಬೇಕು, ಯಾರು ಬೇಡ — ಆ ರೂಲ್ಸ್ ನೀನೇ ಬರಿ. ನಿನ್ನಷ್ಟು ನ್ಯಾಯಸ್ಥ ನಮ್ಮಲ್ಲಿ ಇನ್ಯಾರಿದ್ದಾರೆ?"

ಒಪ್ಪಿಕೊಂಡೆ. ಕಾಗದ ಮುಂದಿಟ್ಟು ಕೂತರೆ ಮೊದಲ ನಿಯಮವೇ ಬರೆಯಲಾಗಲಿಲ್ಲ — ಬರೆದದ್ದು ಇದು.

ಭಾನುವಾರದ ಸಭೆಗೆ ಬರುತ್ತೇನೆ. ಇದನ್ನು ನಿಮ್ಮೆದುರು, ಸುಮತಿ ಅಕ್ಕನೆದುರು, ನಿಮ್ಮ ಹಳೆಯ ತಂಡದವರು ಯಾರು ಬಂದರೆ ಅವರೆಲ್ಲರೆದುರು ನಿಂತು ಓದುತ್ತೇನೆ. ಆಮೇಲೆ ನಿಯಮಗಳನ್ನು ಬೇರೆ ಯಾರಾದರೂ ಬರೆಯಲಿ.