ಅವ್ವ ಹೂಡಿದ ಒಲೆ

ಗಾಯಕ್ಕೆ ಪಟ್ಟಿ ಕಟ್ಟುವುದರಲ್ಲಿ ದೇವದುರ್ಗ ತಾಲೂಕಿನಲ್ಲೇ ನನ್ನಂಥ ನರ್ಸ್ ಇನ್ನೊಬ್ಬನಿಲ್ಲ. ಆದರೆ ನಾನು ಪಟ್ಟಿ ಕಟ್ಟಲು ಹೋಗುತ್ತಿದ್ದ ಗಬ್ಬೂರಿನ ಒಬ್ಬ ಅಜ್ಜಿಯನ್ನು ಹೊಟ್ಟೆಯ ಆಪರೇಷನ್ ಆದಮೇಲೆ ಮನೆಯವರು ನೆಲಕ್ಕೆ ಕಾಲಿಡಲೂ ಬಿಡುತ್ತಿರಲಿಲ್ಲ. ಡಾಕ್ಟರು ನಡೆಸು ಅಂದಿದ್ದರು. ಹೀಗೇ ಮಲಗಿದರೆ ಆಕೆ ಮತ್ತೆ ಏಳುವುದೇ ಇಲ್ಲವೆಂದು ನನಗೆ ಭಯ.

“ಯವ್ವಾ, ಮೈಯ ಕಣಕಣದಾಗೂ ಮೈಟೊಕಾಂಡ್ರಿಯಾ ಅಂತ ಸಣ್ಣ ಒಲಿ ಅದಾವ. ರೋಗದ ಜೋಡಿ ಜಗಳಾಡಾಕ, ಗಾಯ ಮಾಯಾಕ ಅವುಗಳ ಕಾವೇ ಬೇಕು. ವಯಸ್ಸಾದಂಗ ಮಂಕಾಗ್ತಾವ, ನಡದ್ರ ಉರೀತಾವ,” ಅಂದೆ.

“ಅವನ್ನ ಹೂಡಿದವರು ಯಾರಪಾ?”

“ನಿಮ್ಮವ್ವ. ಈ ಒಲಿ ಮಕ್ಕಳಿಗೆ ಅವ್ವನಿಂದಷ್ಟೇ ಬರ್ತಾವ, ಅಪ್ಪನ ಕಡಿಯಿಂದ ಬರೋದಿಲ್ಲ.”

“ನಮ್ಮವ್ವಂದಾ? ಆಕಿ ಮುಪ್ಪಿನಾಗೂ ಹತ್ತಿ ಬಿಡಸಾಕ ಹೋಗ್ತಿದ್ಲು!” ಅಜ್ಜಿ ನನ್ನ ಭುಜ ಹಿಡಿದು ಹೊಸ್ತಿಲತನಕ ನಡೆದೇಬಿಟ್ಟಳು.

ಅಲ್ಲೇ ಕೂತು ಕೇಳುತ್ತಿದ್ದ ಆಕೆಯ ಗಂಡ, ಅಜ್ಜನ ಮುಖ ಸಣ್ಣದಾಯಿತು. “ಹಂಗಾರ ನನ್ನ ಮಕ್ಕಳೊಳಗ ನಂದೇನೂ ಇಲ್ಲೇನು?”

“ನಿನ್ನ ಹಟ ಅದ, ಸಾಕು,” ಅಂದಳು ಅಜ್ಜಿ.

ಈ ವಿಷಯ ನನ್ನಪ್ಪನಿಗೆ ಮಾತ್ರ ಹೇಳಿಲ್ಲ. ನನ್ನ ತೋಳಿನ ಕಸುವು ತನ್ನದೇ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಪಾಪ.