ಎಲ್ಲ ಸಾಲಿಗೂ ಅಡಿಗೆರೆ

ಭೂಮಧ್ಯರೇಖೆಯನ್ನು ಎಳೆದವರು ಯಾರೆಂದು ಭೂಗೋಳದ ಪುಸ್ತಕಗಳು ಹೇಳುವುದಿಲ್ಲ. ಒಂದು ಬೀದಿಯವರಿಗೆ ಮಾತ್ರ ಈ ವಿಷಯದಲ್ಲಿ ಒಬ್ಬರ ಮೇಲೆ ಬಲವಾದ ಗುಮಾನಿಯಿತ್ತು. ಸಿಟಿ ಬಸ್ಸಿನ ಕಂಡಕ್ಟರಾಗಿದ್ದ ಆ ಮಹನೀಯರ ಕೈಗೆ ಕೆಂಪು ಪೆನ್ಸಿಲ್ ಸಿಕ್ಕಿತೆಂದರೆ ಅಡಿಗೆರೆ ಬೀಳದೆ ಬದುಕಿ ಉಳಿದ ಅಕ್ಷರವೇ ಇಲ್ಲ. ಕ್ಷೌರದಂಗಡಿಯ ದಿನಪತ್ರಿಕೆ ಅವರ ಕೈಯಿಂದ ವಾಪಸು ಬರುವಾಗ ರಣರಂಗದಿಂದ ಬಂದಂತೆ ಕೆಂಪಗಾಗಿರುತ್ತಿತ್ತು. ಮಂತ್ರಿಗಳ ರಾಜೀನಾಮೆಗೆ ಒಂದು ಗೆರೆ, ಕಳೆದುಹೋದ ನಾಯಿಯ ಜಾಹೀರಾತಿಗೆ ಒಂದು ಗೆರೆ, ಕೊನೆಯ ಪುಟದ ತಳದಲ್ಲಿ ತಮ್ಮ ಪಾಡಿಗೆ ತಾವಿದ್ದ ಮುದ್ರಕರ ವಿಳಾಸಕ್ಕೂ ಒಂದು ಗೆರೆ. ಔಷಧಿ ಬಾಟಲಿಯ ಮೇಲಿನ ‘ಚೆನ್ನಾಗಿ ಅಲುಗಾಡಿಸಿ’ ಎಂಬ ಸಾಲಿಗೆ ನೀಟಾಗಿ ಗೆರೆ ಎಳೆದು, ಅಲುಗಾಡಿಸುವುದನ್ನು ಮರೆತು ಕುಡಿದ ಧೀರರು ಅವರು. ಬೀದಿಯವರು ಸೇರಿ ಅವರಿಗೆ ಗೆರೆರಾಯರೆಂದು ಪಟ್ಟ ಕಟ್ಟಿದರು. ಅವರೂ ಮುಜುಗರವಿಲ್ಲದೆ ಪಟ್ಟವೇರಿದರು.

ಆದರೆ ರಾಯರಿಗೆ ನಿಜವಾಗಿ ಬೇಕಾಗಿದ್ದದ್ದು ಪಟ್ಟವಲ್ಲ, ಕುರ್ಚಿ. ವರ್ಷಗಟ್ಟಲೆ ಓಲಾಡುವ ಬಸ್ಸಿನಲ್ಲಿ ನಿಂತು ನಿಂತು ಮಂಡಿಗಳೆರಡೂ ಮುಷ್ಕರ ಹೂಡಿದ್ದವು. ಸಂಜೆ ಮನೆ ಮೆಟ್ಟಿಲು ಹತ್ತುವಾಗ ಕೇಳುತ್ತಿದ್ದ ಲಟಲಟ ಸದ್ದಿಗೆ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಬಿಸಿನೀರು ಕಾಯಿಸಲು ಏಳುತ್ತಿದ್ದಳು. ಕೂತು ಮಾಡುವ ಕೆಲಸ ಹುಡುಕಿಕೊಳ್ಳಿ, ಇಲ್ಲವೇ ಕೆಲಸ ಬಿಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಡಿಪೋದಲ್ಲಿ ರಾಯರ ಕೈಗೆಟಕುವಂಥ ಕೂರುವ ಕೆಲಸವೆಂದರೆ ಒಂದೇ: ಬಸ್ಸುಗಳು ಹೋಗುವ ಬರುವ ಹೊತ್ತನ್ನು ಬರೆದುಕೊಳ್ಳುವ ಕಂಟ್ರೋಲರ್ ಹುದ್ದೆ. ಪುಟ್ಟ ಗೂಡು, ಒಂದು ಫ್ಯಾನು, ಎರಡು ಕೈಗಳುಳ್ಳ ಒಂದು ಕುರ್ಚಿ.

ಆ ಸಿಂಹಾಸನಕ್ಕೂ ರಾಯರಿಗೂ ನಡುವೆ ಒಂದು ಇಲಾಖಾ ಪರೀಕ್ಷೆ ಅಡ್ಡ ಮಲಗಿತ್ತು. ಉದ್ದನೆಯ ಲೇಖನವೊಂದನ್ನು ಓದಿ ಅದರ ಹಂದರವನ್ನು ಕೆಲವೇ ಅಂಶಗಳಲ್ಲಿ ಬರೆಯಬೇಕು. ಆಮೇಲೆ ಕೊಟ್ಟ ವಿಷಯಕ್ಕೆ ಹಂದರ ಹಾಕಿಕೊಂಡು ಪ್ರಬಂಧ ಬರೆಯಬೇಕು. ಹಿಂದಿನ ಸಲ ರಾಯರು ಇಡೀ ಲೇಖನಕ್ಕೆ ಗೆರೆ ಎಳೆದು, ಗೆರೆ ಎಳೆದದ್ದನ್ನೆಲ್ಲ ಪ್ರಾಮಾಣಿಕವಾಗಿ ನಕಲು ಮಾಡಿ, ಪ್ರಬಂಧದ ಪ್ರಶ್ನೆಯ ಮುಖ ನೋಡುವಷ್ಟರಲ್ಲಿ ಗಂಟೆ ಹೊಡೆದಿತ್ತು. ಈ ಸಲ ತಪ್ಪಿದರೆ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು. ಹೆಂಡತಿ ತಡಮಾಡದೆ ತನ್ನ ತಂಗಿಯನ್ನು ಕರೆಸಿದಳು. ಹೈಸ್ಕೂಲಿನಲ್ಲಿ ಪಾಠ ಹೇಳುವ ಈ ನಾದಿನಿ, ಎಂಥೆಂಥ ದಡ್ಡರನ್ನೋ ದಡ ಸೇರಿಸಿದವಳೆಂದು ಹೆಸರಾಗಿದ್ದಳು. ರಜೆ ಹಾಕಿ ಬಂದು, ಕೊಡೆಯ ಇತಿಹಾಸದ ಮೇಲಿನ ಒಂದು ಲೇಖನವನ್ನು ಭಾವನ ಮುಂದಿಟ್ಟಳು.

“ಭಾವ, ಮುಖ್ಯವಾದದ್ದಕ್ಕೆ ಮಾತ್ರ ಗೆರೆ ಎಳೀರಿ ಅಂದಿದ್ದೆ.”

“ಅದನ್ನೇ ಮಾಡಿದೀನಲ್ಲಮ್ಮ.”

“ಇಡೀ ಪುಟ ಕೆಂಪಗಿದೆ!”

“ಇಡೀ ಪುಟ ಮುಖ್ಯವಾಗಿದೆ. ನಾನೇನು ಮಾಡ್ಲಿ?”

“‘ಅಂದು ಮೋಡ ಕವಿದಿತ್ತು’ ಅನ್ನೋದು ಮುಖ್ಯಾನಾ?”

“ಮೋಡಾನೇ ಇಲ್ದಿದ್ರೆ ಕೊಡೆ ಯಾಕಮ್ಮ ಬೇಕು?”

ಒಳಗೆ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಸದ್ದು ಗೋಡೆಯಾಚೆಗೂ ಕೇಳಿಸಿತು.

ಮರುದಿನ ನಾದಿನಿ ಅವರದೇ ದಾರಿಯಲ್ಲಿ ಹೋದಳು. “ಬಸ್ಸು ಹೊರಡ್ತಾ ಇದೆ ಭಾವ. ಯಾರೋ ಓಡಿ ಬಂದು ಎಲ್ಲಿಗೆ ಹೋಗುತ್ತೆ ಅಂತಾರೆ. ಏನು ಹೇಳ್ತೀರಿ?”

“ಮಾರ್ಕೆಟ್ಟು, ಆಸ್ಪತ್ರೆ, ಸ್ಟೇಷನ್ನು ಅಂತೀನಿ.”

“ಅದೇ ಹಂದರ!” ಎಂದು ನಾದಿನಿ ಕುಣಿದಾಡುವುದೊಂದು ಬಾಕಿ. ರಾಯರಿಗೂ ಜ್ಞಾನೋದಯವಾದಂತೆ ಕಂಡಿತು. ಸಂಜೆ ಅವರು ತಂದುಕೊಟ್ಟ ಕೊಡೆಯ ಹಂದರ, ಮೂಲ ಲೇಖನಕ್ಕಿಂತ ಸ್ವಲ್ಪ ಉದ್ದವಿತ್ತು.

“ಇದೇನು ಭಾವ?”

“ಒಂದು ಸ್ಟಾಪೂ ಬಿಟ್ಟಿಲ್ಲ ನೋಡು. ಬಿಟ್ರೆ ಕಂಪ್ಲೇಂಟ್ ಆಗುತ್ತೆ.”

“ಕೊಡೆ ಲೇಖನದಲ್ಲಿ ಯಾರು ಇಳೀತಾರೆ?”

“ಅದು ನಮಗೆ ಹೇಗೆ ಗೊತ್ತಾಗ್ಬೇಕು? ಯಾರಾದ್ರೂ ಇಳೀಬಹುದು.”

ನಾದಿನಿ ಪೆನ್ಸಿಲ್ ಕಸಿದುಕೊಂಡಳು. ಓದಿ, ಪುಸ್ತಕ ಮುಚ್ಚಿ, ನೆನಪಿನಲ್ಲಿ ಉಳಿದದ್ದನ್ನು ಹೇಳಿ ಎಂದಳು. ರಾಯರ ನೆನಪಿನಲ್ಲಿ ಉಳಿದದ್ದು ಕೊಡೆ ತಯಾರಿಸುತ್ತಿದ್ದವನ ಅತ್ತೆ ಮಾತ್ರ. ಆಕೆ ಲೇಖನದಲ್ಲಿ ಆವರಣಚಿಹ್ನೆಯೊಳಗೆ ಒಮ್ಮೆ ಇಣುಕಿ ಹೋಗಿದ್ದಳು. ಕೊನೆಗೆ ರೇಷನ್ ಪದ್ಧತಿ ಜಾರಿಗೆ ಬಂತು. ಪುಟಕ್ಕೆ ಇಷ್ಟೇ ಗೆರೆ, ಮುಗಿದರೆ ಮುಗಿಯಿತು. ರಾಯರು ಮೊಟ್ಟೆಯಿಡುವ ಕೋಳಿಯಂತೆ ಚಡಪಡಿಸಿದರು. “ಪಾಪ, ಈ ಸಾಲು ಏನು ತಪ್ಪು ಮಾಡಿತ್ತು?” ಎನ್ನುತ್ತ ಒಂದೊಂದನ್ನೂ ಬೀಳ್ಕೊಟ್ಟರು. ಅಂತೂ ವಾರ ಕಳೆಯುವಷ್ಟರಲ್ಲಿ ಪುಟದಲ್ಲಿ ಬಿಳಿ ಬಣ್ಣ ಕಾಣಿಸಿಕೊಂಡಿತು.

ಹೊಸದಾಗಿ ಕಲಿತವರ ಉತ್ಸಾಹ ಮನೆಯವರಿಗೆ ಶಿಕ್ಷೆ. ಒಂದು ಸಂಜೆ ಹೆಂಡತಿ ನಲ್ಲಿ ನೀರಿನ ವಿಷಯ ಎತ್ತಿಕೊಂಡಳು. ಪಕ್ಕದ ಮನೆಯವರು ಪೈಪು ಹಾಕಿದ್ದು, ತಾನು ಕೇಳಿದ್ದು, ಅವರು ಅಂದದ್ದು, ಆ ಹೊತ್ತಿಗೆ ಗಂಡನಾದವರು ಕಿಟಕಿಯ ಬಳಿ ಕೂತು ಪೇಪರು ಓದುತ್ತಿದ್ದದ್ದು ಎಲ್ಲವನ್ನೂ ಉಸಿರು ಬಿಡದೆ ಹೇಳಿದಳು. ರಾಯರು ಕಣ್ಣು ಮುಚ್ಚಿ ಕೇಳಿ, ಬೆರಳು ಮಡಚಿದರು.

“ಒಂದು, ನೀರು. ಎರಡು, ಪಕ್ಕದ ಮನೆ. ಮೂರು, ನನ್ನ ತಪ್ಪು. ಮೂರನೇದು ಉಪಸಂಹಾರ.”

ಅಂದು ಊಟಕ್ಕೆ ಅವರ ತಟ್ಟೆಯಲ್ಲಿ ಬರೀ ಅನ್ನ ಬಿತ್ತು.

“ಇದೇನೇ, ಇಷ್ಟೇನಾ?”

“ಮುಖ್ಯಾಂಶ ಬಡಿಸಿದೀನಿ. ವಿವರ ಒಲೆ ಮೇಲಿದೆ, ಬೇಕಾದ್ರೆ ಎದ್ದು ಹಾಕ್ಕೊಳ್ರಿ.” ಆಮೇಲೆ ತಂಗಿಯತ್ತ ತಿರುಗಿ, “ನಿನ್ನನ್ನ ಕರೆಸಿದ್ದು ಇದಕ್ಕೇನೇ?” ಎಂದಳು.

ಓದುವುದೇನೋ ಹಳಿಗೆ ಬಂತು. ಬರೆಯುವುದು ಬರಲಿಲ್ಲ. ಹಂದರವನ್ನು ಅಂಗೈಯಗಲ ಹಾಕಿಕೊಂಡವರು ಪ್ರಬಂಧಕ್ಕೆ ಕೈಯಿಟ್ಟ ಕೂಡಲೇ ಹಳೆಯ ಗೆರೆರಾಯರಾಗುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ‘ಸ್ವಚ್ಛತೆ’ಯ ಮೇಲೆ ಬರೆಯಲು ಕೂತು, ಹಾಳೆಯ ಮೇಲೆ ಹಾಳೆ ತುಂಬಿಸಿದರೂ ಪೀಠಿಕೆಯಲ್ಲಿ ಪೊರಕೆ ಇನ್ನೂ ಹುಟ್ಟಿರಲಿಲ್ಲ. ನಾದಿನಿ ಆ ಹಾಳೆಗಳನ್ನು ಮಡಚಿಟ್ಟು ಅಕ್ಕನ ಬಳಿ ಹೋಗಿ, “ಡಿಪೋದವರು ಬಸ್ಸಲ್ಲೇ ಒಂದು ಸ್ಟೂಲ್ ಹಾಕಿ ಕೊಡ್ತಾರಾ ಕೇಳೋಣ ಕಣೇ” ಎಂದಳು. ಅಕ್ಕ ನಗಲಿಲ್ಲ.

ಪರೀಕ್ಷೆ ನಡೆದದ್ದು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ. ಅಕ್ಕತಂಗಿಯರು ಊಟದ ಡಬ್ಬಿ, ನೀರಿನ ಬಾಟಲಿ ಹಿಡಿದು, ಮಧ್ಯಾಹ್ನದವರೆಗೆ ಕಾಯುವ ಸನ್ನಾಹದಲ್ಲಿ ಗೇಟಿನಾಚೆಯ ಕಟ್ಟೆಯ ಮೇಲೆ ಕೂತರು. ಕೂತ ಜಾಗ ಬಿಸಿಯಾಗುವ ಮೊದಲೇ, ಎಲ್ಲರಿಗಿಂತ ಮುಂಚೆ, ಗೋಡೆ ಹಿಡಿದುಕೊಂಡು ರಾಯರು ಹೊರಗೆ ಬರುತ್ತಿರುವುದು ಕಾಣಿಸಿತು. ಹೆಂಡತಿ ಡಬ್ಬಿ ಕೆಳಗಿಟ್ಟು ಎದ್ದಳು.

“ಯಾಕ್ರೀ ಎದ್ದು ಬಂದ್ರಿ?”

“ಬರೆದಾಯ್ತು.”

“ಎಲ್ಲಾನಾ ಭಾವ?”

“ಮುಖ್ಯವಾದದ್ದು.”

ನಾದಿನಿ ಆ ಉತ್ತರವನ್ನು ಮನಸ್ಸಿನಲ್ಲೇ ಎರಡು ಸಲ ಕೇಳಿಸಿಕೊಂಡಳು. ಕಲ್ಲನ್ನು ಮಾತಾಡಿಸಿದ ಗುರುವಿಗೆ ಮೈ ಝುಮ್ಮೆನ್ನುವುದು ಸಹಜ. ದಾರಿಯುದ್ದಕ್ಕೂ ತನ್ನ ರೇಷನ್ ಪದ್ಧತಿಯನ್ನು ಮುಂದೆ ಯಾವ ಯಾವ ಶಾಲೆಗಳಲ್ಲಿ ಜಾರಿಗೆ ತರಬಹುದೆಂದು ಲೆಕ್ಕ ಹಾಕಿದಳು. ಅಕ್ಕ ಮಾತ್ರ ಗಂಡನ ತೋಳು ಹಿಡಿದು ಮೆಲ್ಲಗೆ ನಡೆಸಿದಳು.

ಫಲಿತಾಂಶ ಬಂತು. ಗೆರೆರಾಯರು ಇಡೀ ಡಿಪೋಗೆ ಮೊದಲಿಗರು! ಮ್ಯಾನೇಜರು ಅವರನ್ನು ಸಂಸಾರಸಮೇತ ಕಚೇರಿಗೆ ಕರೆಸಿದರು. ನಾದಿನಿ ಗಂಜಿ ಹಾಕಿದ ಸೀರೆಯುಟ್ಟು ಜೊತೆಗೆ ಹೋದಳು. ಒಂದಿಷ್ಟು ಸಿಬ್ಬಂದಿಯೂ ಬಾಗಿಲಲ್ಲಿ ಸೇರಿದರು.

ಮ್ಯಾನೇಜರು ಉತ್ತರಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತರು. “ವಿಷಯ: ‘ಸಾರ್ವಜನಿಕ ಸೇವೆಯಲ್ಲಿ ತಾಳ್ಮೆ’. ಎಲ್ಲರೂ ಹಾಳೆ ಮೇಲೆ ಹಾಳೆ ಕೇಳಿದಾರೆ. ಇವರು ಹಾಕ್ಕೊಂಡಿರೋ ಹಂದರ ಕೇಳಿ: ‘ಬಸ್ಸು ತಡ. ಜನಕ್ಕೆ ಸಿಟ್ಟು. ನಾನು ಸುಮ್ಮನೆ. ಬಸ್ಸು ಬಂತು.’ ಪ್ರಬಂಧವೂ ಅಷ್ಟೇ, ಒಂದೂವರೆ ಪುಟ. ಒಂದು ಪದ ಹೆಚ್ಚಿಲ್ಲ ಅಂತ ಪರೀಕ್ಷಕರೇ ಪಕ್ಕದಲ್ಲಿ ಬರೆದಿದಾರೆ. ತಾಳ್ಮೆ ಬಗ್ಗೆ ಇಷ್ಟು ಸಂಯಮದಿಂದ ಬರೀಬೇಕಾದ್ರೆ ಅದು ಒಳಗಿಂದ ಬರ್ಬೇಕು!” ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. “ಹೇಳಿ ರಾಯರೇ, ಹೋದ ಸಲ ಅಷ್ಟೊಂದು ಬರೆದವರು ಈ ಸಲ ಬೇಕಾದದ್ದು, ಬೇಡದ್ದು ಹೇಗೆ ಆರಿಸಿದ್ರಿ? ನಮ್ಮ ಹುಡುಗರೂ ಕಲೀಲಿ.”

ನಾದಿನಿ ಸೆರಗು ಸರಿಮಾಡಿಕೊಂಡು, ತನ್ನ ಹೆಸರು ಬರುವ ಹೊತ್ತಿಗೆ ಸರಿಯಾಗಿ ನಾಚಿಕೊಳ್ಳಲು ಸಿದ್ಧಳಾದಳು.

ರಾಯರು ಕೊಂಚ ಯೋಚಿಸಿದರು.

“ಅದು ಚಿಕ್ಕ ಮಕ್ಕಳ ಬೆಂಚು ಸಾರ್,” ಎಂದರು. “ಮಂಡಿ ಒಳಗೆ ಹಿಡೀಲಿಲ್ಲ, ನೋವು ಶುರುವಾಯ್ತು. ಸಾಕು ಅಂತ ಎದ್ದು ಬಂದೆ.”