ಅರ್ಧಕ್ಕೆ ನಿಂತ ಮಾತು

ಮೊನ್ನೆ ಶಿವನಿ ಊರಿನ ಹಿಟ್ಟಿನ ಮಿಲ್ಲಿನಲ್ಲಿ ರಾಗಿ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದಾಗ ಪಕ್ಕದ ಮನೆ ಮೇಷ್ಟ್ರು ನೆನಪಾದ. ಅವನು ತೀರಿಹೋಗಿ ನಾಲ್ಕು ವರ್ಷವಾಯಿತು. ತರೀಕೆರೆಯಲ್ಲಿ ಎಷ್ಟೇ ದೊಡ್ಡ ಮೇಷ್ಟ್ರಾದರೂ, ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದವಳ ಬಾಯಲ್ಲಿ ‘ರೀ’ ಬರುವುದಿಲ್ಲ.

ಅವನ ತಾಯಿಯೂ ನಾನೂ ಎದುರುಬದುರು ಕೂತು ಒಂದೇ ಬೀಸುಕಲ್ಲಿನ ಗೂಟ ಹಿಡಿದವರು. ಅವಳು ಬಾಯಿಬಡುಕಿ, ಆದರೆ ಒಂದು ಮಾತನ್ನೂ ಮುಗಿಸುತ್ತಿರಲಿಲ್ಲ. ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವಾಗ ಮಾತು ತುಂಡಾಗುತ್ತಿತ್ತು. ಕಲ್ಲು ತಿರುಗಿದರೆ ಬೇರೆಯದೇ ಶುರು. ಗಂಡನ ಸಿಟ್ಟಿನಿಂದ ಹುಣಿಸೆಹಣ್ಣಿಗೆ, ಅಲ್ಲಿಂದ ಇವನಿಗಿಂತ ಮೊದಲು ಹುಟ್ಟಿ ಸತ್ತ ಕೂಸಿಗೆ... ಇವನಿಗೆ ಒಂಬತ್ತು ವರ್ಷವಿದ್ದಾಗ ಅವಳು ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು.

ರಿಟೈರಾದ ಮೇಲೆ ಅವನು ತಾಯಿಯ ಮೇಲೆ ಕಾದಂಬರಿ ಬರೆದ. ಒಂದು ಮಧ್ಯಾಹ್ನ ಕಾಗದದ ಕಟ್ಟು ತಂದು ನನ್ನೆದುರು ಕೂತ.

“ಓದಿದೋರೆಲ್ಲ ತಲೆ ಬಾಲ ಇಲ್ಲ ಅಂತಾರೆ ಚಿಕ್ಕವ್ವ. ಮಾತೆಲ್ಲ ಪೂರ್ತಿ ಮಾಡ್ಕೊಂಡ್ ಬಾ, ಆಮೇಲೆ ಅಚ್ಚು ಹಾಕ್ತೀನಿ ಅಂದ ಪ್ರೆಸ್ಸಿನೋನು.”

“ಅಕ್ಷರ ಕೂಡ್ಸೋಕೇ ತಿಣುಕ್ತೀನಿ. ನನ್ ಹತ್ರ ಯಾಕೋ ತಂದೆ ಇದನ್ನ?”

“ಅವ್ವನ ದನಿ ನಂಗೆ ಮರ್ತೋಗಿದೆ. ಕೇಳ್ದೋರು ನೀನೊಬ್ಳೇ ಉಳ್ದಿರೋದು.”

ಓದಿದ. ನನಗೂ ತಲೆನೋವು ಬಂತು. ಯಾವುದು ಮೊದಲು, ಯಾವುದು ಆಮೇಲೆ, ಒಂದೂ ತಿಳಿಯದು. ಸಾಕು ನಿಲ್ಲಿಸೋ ಅನ್ನಬೇಕು ಅಂತಿದ್ದೆ. ಆಗ ನೋಡಿದೆ, ನನ್ನ ಬಲಗೈ ರಾಗಿ ಬೀಸುವ ಹಾಗೆ ಬರಿ ನೆಲದ ಮೇಲೆ ಸುತ್ತುತ್ತಿತ್ತು. ಮಾತು ತುಂಡಾದ ಕಡೆಯೆಲ್ಲ ಕೈ ತಾನೇ ನಿಲ್ಲುತ್ತಿತ್ತು, ಹಿಡಿ ರಾಗಿ ಬೀಳಲಿ ಅಂತ... ಆ ಕಲ್ಲು ಮನೆಯಿಂದ ಹೋಗಿ ಯಾವ ಕಾಲವಾಯಿತೋ. ದನಿ ಮರೆತೆ ಅನ್ನುತ್ತಾನೆ, ಆದರೆ ಬರೆದಿದ್ದೆಲ್ಲ ಅವಳದೇ ದನಿ. ನಾವು ಬೀಸುವಾಗ ಹಿಟ್ಟಿನ ಪಕ್ಕ ಮಲಗುತ್ತಿದ್ದ ಈ ಹುಡುಗ ಅದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ? ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಅವಳು ಸಾಯುವ ಭಾಗದಲ್ಲಿ ಅವಳ ಮಾತನ್ನು “ಒಲೆ ಮೇಲಿನ ಹಾಲು” ಅಂತ ಅರ್ಧಕ್ಕೇ ನಿಲ್ಲಿಸಿದ್ದ. ಆಮೇಲಿನ ಹಾಳೆ ಖಾಲಿ. ನನ್ನ ಕೈ ಮತ್ತೆ ಅಲ್ಲಾಡಲಿಲ್ಲ.

“ಇಲ್ಲೇನ್ ಬರೀಲಿ?” ಅಂದ.

“ಏನೂ ಬರೀಬೇಡ. ಒಂದ್ ಮಾತು ಮುಗ್ಸುದ್ರೂ ಅವಳು ನಿಮ್ಮವ್ವ ಅಲ್ಲ ಕಣೋ, ಬೇರೆ ಯಾವಳೋ.”

ಹಾಳೆ ಜೋಡಿಸಿಕೊಂಡು ಎದ್ದ. ಕಡೂರಿನಲ್ಲಿ ಇನ್ನೊಬ್ಬ ಪ್ರೆಸ್ಸಿನವನನ್ನು ಹಿಡಿದು ಇದ್ದದ್ದು ಇದ್ದ ಹಾಗೇ ಅಚ್ಚು ಹಾಕಿಸಿದ. ಹೆಚ್ಚು ಜನ ಓದಲಿಲ್ಲ. ನನಗೊಂದು ಕೊಟ್ಟು ಹೋದ.

ಮೊನ್ನೆ ಮಿಲ್ಲಿನಲ್ಲಿ ನನ್ನ ರಾಗಿ ಒಂದೇ ಉಸಿರಿಗೆ ಹಿಟ್ಟಾಯಿತು, ನಡುವೆ ಎಲ್ಲೂ ನಿಲ್ಲದೆ. ಅವಳೂ ಇಲ್ಲ, ಅವನೂ ಇಲ್ಲ. ಮನೆಗೆ ಬಂದು ಪುಸ್ತಕ ತೆಗೆದೆ. ಅಕ್ಷರ ಕೂಡಿಸಿ ದಿನಕ್ಕೆ ಎರಡು ಸಾಲು ಓದುತ್ತೇನೆ. ಆ ಖಾಲಿ ಹಾಳೆ ಇನ್ನೂ ದೂರವಿದೆ. ಅಲ್ಲಿಯವರೆಗೆ ಅವಳು ಬೀಸುತ್ತಿರುತ್ತಾಳೆ.